ಪರಿಸರ ಉಳಿಸಲು ಚುನಾವಣೆಗೆ ನಿಲ್ಲಬೇಕೇ? ಮಾದಾಪುರ ಕಡೆಯ ಬೆಳೆಗಾರರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಕೊಡಗಿನ ಮಾದಾಪುರ ಕಡೆಯ ಸಣ್ಣ ಕಾಫಿ ಬೆಳೆಗಾರ. ಐದು ಎಕರೆ ತೋಟ, ಸ್ವಲ್ಪ ಗದ್ದೆ ಇದೆ. 2018ರ ಆಗಸ್ಟ್ ಮಳೆಗೆ ತೋಟದ ಒಂದು ಮೂಲೆ ಜರಿದು ಹೊಳೆ ಸೇರಿತು. ಪಕ್ಕದ ಊರಿನಲ್ಲಿ ಮನೆಗಳೇ ಹೋದವು. ಆಮೇಲೆ ಸುತ್ತಲಿನ ಮೂವತ್ತು ನಲವತ್ತು ಜನ ಸೇರಿ ಸಂಘ ಮಾಡಿಕೊಂಡೆವು. ಗುಡ್ಡದ ಮೇಲೆ ರೆಸಾರ್ಟ್‌ಗೆ ಅಂತ ಜೆಸಿಬಿ ಬಂದಾಗ ಅರ್ಜಿ ಕೊಟ್ಟು, ಧರಣಿ ಕೂತು ನಿಲ್ಲಿಸಿದೆವು. ಈಗ ಹುಡುಗರು, "ಎಷ್ಟು ದಿನ ಅರ್ಜಿ ಕೊಡೋದು? ನಮ್ಮದೇ ಪರಿಸರ ಪಕ್ಷ ಮಾಡಿ 2028ಕ್ಕೆ ಮಡಿಕೇರಿ ಕ್ಷೇತ್ರದಲ್ಲಿ ನಿಲ್ಲೋಣ" ಎನ್ನುತ್ತಿದ್ದಾರೆ. ಹೊರಗಿನ ಒಂದು ಸಣ್ಣ ಪಕ್ಷದವರು ಬಂದು ಟಿಕೆಟ್ ಕೊಡ್ತೀವಿ ಅಂದಿದ್ದಾರೆ. ನನ್ನ ಹೆಸರೇ ಓಡಾಡುತ್ತಿದೆ. ನನಗೆ ಧೈರ್ಯ ಸಾಲುತ್ತಿಲ್ಲ. ಪರಿಸರ ಅಂದ ಕೂಡಲೇ "ಇವರು ಕಸ್ತೂರಿರಂಗನ್ ಕಡೆಯವರು" ಅಂತಾರೆ. ಮತ ಒಡೆದರು ಎಂಬ ಅಪವಾದ ಬೇರೆ ಬರುತ್ತದೆ. ನನ್ನ ಹೆಂಡತಿ ಸರ್ಕಾರಿ ಶಾಲೆಯಲ್ಲಿ ಟೀಚರ್, ಅವಳ ಕೆಲಸಕ್ಕೆ ತೊಂದರೆ ಆಗುತ್ತದೆಯೇ? ಸಂಘದ ಒಬ್ಬರ ಸ್ನೇಹಿತರು ಕೆನಡಾದಿಂದ ದುಡ್ಡು ಕಳಿಸುತ್ತೇನೆ ಎನ್ನುತ್ತಾರೆ, ತೆಗೆದುಕೊಳ್ಳಬಹುದೇ? ಸೋತರೆ ಸಂಘವೂ ಮುರಿದುಹೋಗುತ್ತದೆಯೇ?

ಉತ್ತರ: ನಿಮ್ಮ ಪ್ರಶ್ನೆಗಳು ಹಲವು. ಅವುಗಳ ಕೆಳಗಿರುವ ಚಿಂತೆ ಒಂದೇ. ಇಷ್ಟು ವರ್ಷ ಕಷ್ಟಪಟ್ಟು ಗಳಿಸಿದ ಊರಿನ ನಂಬಿಕೆಯನ್ನು ಚುನಾವಣೆಯಲ್ಲಿ ಕಳೆದುಕೊಂಡರೆ ಏನು ಗತಿ ಅಂತ. ಆ ಚಿಂತೆ ಸರಿಯಾದದ್ದೇ. ಚಳವಳಿಯಿಂದ ಚುನಾವಣೆಗೆ ಬಂದವರ ಜೊತೆ ಕೆಲಸ ಮಾಡಿದ್ದೇನೆ, ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುತ್ತಾ ಬಂದಿದ್ದೇನೆ. ಈ ಭಯ ಇಲ್ಲದೆ ನಿಂತವರೇ ಜಾಸ್ತಿ ಪೆಟ್ಟು ತಿಂದಿದ್ದಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಚುನಾವಣೆಗೆ ನಿಲ್ಲಿ. ಆದರೆ ಈಗಲೇ ವಿಧಾನಸಭೆಗೆ ಬೇಡ, ಈಗಲೇ ಪಕ್ಷವೂ ಬೇಡ. ಮುಂದಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಅಕ್ಕಪಕ್ಕದ ಮೂರು ನಾಲ್ಕು ವಾರ್ಡ್‌ಗಳಿಂದ ಶುರು ಮಾಡಿ. ಹಾಗೆಯೇ ನಿಮ್ಮ ಸಂಘದಲ್ಲಿ ಲೈನ್ ಮನೆಯವರು (ತೋಟದ ಸಾಲುಮನೆಗಳಲ್ಲಿರುವ ಕೂಲಿಯವರು), ಹಾಡಿಯವರು (ಆದಿವಾಸಿ ವಸತಿಗಳ ಜನ) ಇಲ್ಲದಿದ್ದರೆ ಯಾವ ಚುನಾವಣೆಗೂ ನಿಲ್ಲಬೇಡಿ. ಈ ಎರಡನೆಯ ಮಾತು ಮೊದಲನೆಯದಕ್ಕಿಂತ ಮುಖ್ಯ.

ಹುಡುಗರ ಸಿಟ್ಟು ನ್ಯಾಯವಾದದ್ದು. ಮೈಸೂರು–ಕೋಯಿಕ್ಕೋಡ್ 400 ಕೆವಿ ವಿದ್ಯುತ್ ಮಾರ್ಗ ಬಂದಾಗ ಕೊಡಗಿನಲ್ಲಿ ಎಷ್ಟು ಹೋರಾಟ ಆಯಿತು ಅಂತ ನೆನಪಿರಬೇಕು. ಆದರೂ ಸಾವಿರಾರು ಮರ ಉರುಳಿದವು. 2018ರ ಕುಸಿತದ ನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಕಾರಣ ಹುಡುಕಿತು. ಅತಿ ಮಳೆಯ ಜೊತೆಗೆ, ರಸ್ತೆಗೂ ಕಟ್ಟಡಕ್ಕೂ ಇಳಿಜಾರು ಕಡಿದದ್ದನ್ನೂ ಅದು ಬೊಟ್ಟು ಮಾಡಿ ತೋರಿಸಿತು. ಅದಾದ ಮೇಲೂ ಬರೆ, ಅಂದರೆ ಗುಡ್ಡದ ಕಡಿದಾದ ಮಗ್ಗುಲು, ಕಡಿಯುವುದು ನಿಂತಿಲ್ಲ. ಅರ್ಜಿ ಕೊಟ್ಟವರು ಹೊರಗೆ, ಸಹಿ ಹಾಕುವವರು ಒಳಗೆ. ಒಳಗೆ ಹೋಗಬೇಕು ಅನಿಸುವುದು ಸಹಜ. ಯಾವ ಬಾಗಿಲಿನಿಂದ ಹೋಗಬೇಕು ಎನ್ನುವುದರಲ್ಲಿ ಮಾತ್ರ ನನ್ನ ತಕರಾರು.

"ಕಸ್ತೂರಿರಂಗನ್ ಕಡೆಯವರು" ಎಂಬ ಮಾತು

ನೀವು ಯಾವ ಚುನಾವಣೆಗೆ ನಿಂತರೂ ಈ ಮಾತು ಮೊದಲ ದಿನವೇ ಬರುತ್ತದೆ. ಉತ್ತರ ಬಾಯಲ್ಲಿ ಇಟ್ಟುಕೊಂಡೇ ಹೊರಡಬೇಕು.

ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಕಸ್ತೂರಿರಂಗನ್ ಸಮಿತಿಯ ವರದಿ 2013ರಲ್ಲಿ ಬಂತು. ಅದರ ಆಧಾರದ ಮೇಲೆ ಕೇಂದ್ರ ಸರ್ಕಾರ 2014ರ ಮಾರ್ಚ್‌ನಲ್ಲಿ ಮೊದಲ ಕರಡು ಅಧಿಸೂಚನೆ ಹೊರಡಿಸಿತು. ಆಮೇಲೆ ಕರಡು ಮುಗಿಯುವುದು, ಮತ್ತೆ ಹೊಸದು ಬರುವುದು ನಡೆದೇ ಇದೆ. ಆರನೇ ಕರಡಿನ ತಾರೀಕು 2024ರ ಜುಲೈ 31, ವಯನಾಡಿನ ಗುಡ್ಡ ಕುಸಿದ ಮರುದಿನ. ಅದರಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಇದೆ, ಕೊಡಗಿನ ಊರುಗಳೂ ಇವೆ. ಅದೇ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ತಿರಸ್ಕರಿಸಿತು.

ಈಗ ಊರಲ್ಲಿ ಓಡಾಡುವ ಮಾತು ನೋಡಿ. ತೋಟ ಮಾರಲು ಆಗುವುದಿಲ್ಲ, ಮಕ್ಕಳಿಗೆ ಪಾಲು ಕೊಡಲು ಆಗುವುದಿಲ್ಲ, ಮನೆಯ ಹಂಚು ಬದಲಾಯಿಸಲೂ ಅನುಮತಿ ಬೇಕು, ಕಾಫಿ ಗಿಡ ಕೀಳಿಸುತ್ತಾರೆ ಅಂತ. ಕರಡಿನಲ್ಲಿ ಹಾಗಿಲ್ಲ. ಅದು ತಡೆಯುವುದು ಗಣಿ, ಕಲ್ಲು ಕ್ವಾರಿ, ಮರಳು ತೆಗೆಯುವುದು, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ (ಹೆಚ್ಚು ಮಾಲಿನ್ಯದ) ಕಾರ್ಖಾನೆ ಇವನ್ನು. ಕಟ್ಟಡದ ವಿಷಯಕ್ಕೆ ಬಂದರೆ 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿರ್ಮಾಣ, ದೊಡ್ಡ ಟೌನ್‌ಶಿಪ್. ಆಸ್ತಿ ಕೈ ಬದಲಾಗುವುದಕ್ಕೆ ಅಡ್ಡಿ ಇಲ್ಲ. ಇರುವ ಮನೆಯ ದುರಸ್ತಿ, ವಿಸ್ತರಣೆಗೂ ಅಡ್ಡಿ ಇಲ್ಲ.

ಇಷ್ಟು ಹೇಳಿ "ನೋಡಿ, ನಿಮ್ಮ ಭಯ ಸುಳ್ಳು" ಅಂದುಬಿಟ್ಟರೆ ನೀವು ಅಲ್ಲೇ ಸೋತಿರಿ. ಯಾಕೆಂದರೆ ಭಯದ ಬೇರು ಕಾಗದದಲ್ಲಿ ಇಲ್ಲ, ಅನುಭವದಲ್ಲಿ ಇದೆ. ನಕ್ಷೆ ಮಾಡಿದ್ದು ಉಪಗ್ರಹ ಚಿತ್ರ ನೋಡಿ. ಒಂದು ಊರಿನ ಶೇ 20ರಷ್ಟು ಜಾಗ ಸೂಕ್ಷ್ಮ ಎಂದು ಕಂಡರೆ ಇಡೀ ಊರು ಪಟ್ಟಿಗೆ ಸೇರಿತು. ನೆರಳು ಮರ ಬೆಳೆಸಿದ ನಮ್ಮ ತೋಟ ಮೇಲಿಂದ ನೋಡಿದರೆ ಕಾಡಿನ ಹಾಗೇ ಕಾಣುತ್ತದೆ. ಮರ ಉಳಿಸಿಕೊಂಡವನಿಗೇ ಕಟ್ಟುಪಾಡು ಎಂದು ಬೆಳೆಗಾರನಿಗೆ ಅನಿಸಿದ್ದರಲ್ಲಿ ತಪ್ಪೇನಿದೆ? ಊರಿನವರನ್ನು ಮೊದಲು ಯಾರೂ ಕೇಳಲಿಲ್ಲ. ಇವತ್ತು ಕರಡಿನಲ್ಲಿ ಇರುವುದು ಇಷ್ಟು, ನಾಳೆ ಅರಣ್ಯ ಇಲಾಖೆ ಯಾವ ನೆಪ ತೆಗೆಯುತ್ತದೋ ಎಂಬ ಅನುಮಾನ ಬಾಣೆ ಜಮೀನಿನ (ಗದ್ದೆಗೆ ಸೇರಿದ ಗುಡ್ಡದ ಭೂಮಿಯ) ಮರಕ್ಕಾಗಿ ಕಚೇರಿ ಅಲೆದವರಿಗೆಲ್ಲ ಇದೆ.

ಗಾಡ್ಗೀಳ್ ವರದಿಯನ್ನು ಜನ ಇನ್ನೂ ಕಠಿಣ ಎಂದು ಬೈಯುತ್ತಾರೆ. ಆದರೆ ಏನು ಬೇಕು, ಏನು ಬೇಡ ಅಂತ ಗ್ರಾಮಸಭೆ ಹೇಳಬೇಕು ಎಂದು ಒತ್ತಿ ಬರೆದದ್ದು ಅದೇ ವರದಿ. ನಿಮ್ಮ ನಿಲುವು ಅಲ್ಲಿಂದ ಹುಟ್ಟಲಿ. "ನಾವು ಯಾವ ವರದಿಯ ಕಡೆಯವರೂ ಅಲ್ಲ. ನಮ್ಮ ಗುಡ್ಡ ಕಡಿಯಬೇಕೋ ಬೇಡವೋ ಅಂತ ನಮ್ಮ ಗ್ರಾಮಸಭೆ ಹೇಳಬೇಕು. ದೆಹಲಿ ಹೇಳೋದಲ್ಲ, ಹೊರಗಿನ ಬಿಲ್ಡರ್ ಹೇಳೋದೂ ಅಲ್ಲ." ಇದು ಜಾಣತನದ ಮಾತಲ್ಲ, ನಿಮ್ಮ ಸಂಘ ಇಷ್ಟು ವರ್ಷ ಮಾಡಿದ್ದೂ ಇದನ್ನೇ ಅಲ್ವಾ?

ಲೆಕ್ಕ ಏನು ಹೇಳುತ್ತದೆ

ಹಸಿರು ಪಕ್ಷ ಅಂದ ಕೂಡಲೇ ಹುಡುಗರು ಜರ್ಮನಿಯ ಉದಾಹರಣೆ ಕೊಡುತ್ತಾರೆ. ಕೊಡಲಿ, ಅದರಲ್ಲಿ ಕಲಿಯುವುದು ಬಹಳ ಇದೆ. ಆದರೆ ಪೂರ್ತಿ ಕಥೆ ತಿಳಿದಿರಬೇಕು.

ಜರ್ಮನಿಯ ನೈಋತ್ಯದಲ್ಲಿ ವೀಲ್ ಎಂಬ ಹಳ್ಳಿ ಇದೆ, ದ್ರಾಕ್ಷಿ ಬೆಳೆಯುವ ಸೀಮೆ. ಅಲ್ಲಿ ಅಣು ವಿದ್ಯುತ್ ಸ್ಥಾವರ ಕಟ್ಟಲು ಹೊರಟಾಗ ಮೊದಲು ಎದ್ದವರು ದ್ರಾಕ್ಷಿ ಬೆಳೆಗಾರರು. ಚರ್ಚಿಗೆ ಹೋಗುವ, ಸಂಪ್ರದಾಯದ ಪಕ್ಷಕ್ಕೇ ಮತ ಹಾಕುತ್ತಿದ್ದ ಜನ. ಸ್ಥಾವರದ ಆವಿಯಿಂದ ಹವೆ ಕೆಟ್ಟು ಬೆಳೆ ಹಾಳಾಗುತ್ತದೆ ಎಂಬುದು ಅವರ ಚಿಂತೆ. 1975ರ ಫೆಬ್ರವರಿಯಲ್ಲಿ ಅವರು ಆ ಜಾಗವನ್ನೇ ಹಿಡಿದು ಕೂತರು. ಹತ್ತಿರದ ಊರಿನ ವಿದ್ಯಾರ್ಥಿಗಳು ಜೊತೆಗೂಡಿದರು. ಸ್ಥಾವರ ಬರಲೇ ಇಲ್ಲ. 1980ರ ಜನವರಿಯಲ್ಲಿ ಹಸಿರು ಪಕ್ಷ ಹುಟ್ಟಿತು. ಅದೇ ವರ್ಷ ಆ ರಾಜ್ಯದ ವಿಧಾನಸಭೆಗೆ ಶೇ 5ಕ್ಕಿಂತ ಸ್ವಲ್ಪ ಜಾಸ್ತಿ ಮತ ಪಡೆದು ಒಳಗೆ ಹೋಯಿತು. 1983ರಲ್ಲಿ ಶೇ 5.6 ಮತದಿಂದ ಸಂಸತ್ತಿಗೂ ಹೋಯಿತು. ವೀಲ್ ಇರುವ ಆ ರಾಜ್ಯಕ್ಕೆ 2011ರಲ್ಲಿ ಹಸಿರು ಪಕ್ಷದವರೇ ಮುಖ್ಯಮಂತ್ರಿಯಾದರು. ಜಾಗ ಹಿಡಿದು ಕೂತ ದಿನದಿಂದ ಅಲ್ಲಿಗೆ 36 ವರ್ಷ.

ಕಾಫಿ ಬೆಳೆಗಾರನಿಗೆ ಈ ಕಥೆ ಹತ್ತಿರದ್ದು ಅನಿಸಬೇಕು. ಬೆಳೆಗಾರನೂ ಪರಿಸರವೂ ಎದುರಾಳಿಗಳು ಎಂಬ ಮಾತನ್ನು ವೀಲ್ ಸುಳ್ಳು ಮಾಡಿತು. ಆದರೆ ಅಲ್ಲಿನ ಪದ್ಧತಿಯಲ್ಲಿ ಶೇ 5 ದಾಟಿದರೆ ಮತಕ್ಕೆ ತಕ್ಕಷ್ಟು ಸೀಟು ಸಿಗುತ್ತದೆ. ನಮ್ಮಲ್ಲಿ ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದವರು ಒಬ್ಬರೇ ಗೆಲ್ಲುತ್ತಾರೆ. ಶೇ 5 ಅಂದರೆ ಸೊನ್ನೆ.

ನಮ್ಮದೇ ಪದ್ಧತಿ ಇರುವ ಬ್ರಿಟನ್ ನೋಡಿ. 1989ರ ಯುರೋಪ್ ಸಂಸತ್ ಚುನಾವಣೆಯಲ್ಲಿ ಅಲ್ಲಿನ ಹಸಿರು ಪಕ್ಷಕ್ಕೆ ಸುಮಾರು ಶೇ 15 ಮತ ಬಿತ್ತು. ಸೀಟು ಒಂದೂ ಇಲ್ಲ. ಮತ ದೇಶವೆಲ್ಲ ಹಂಚಿಹೋಗಿತ್ತು. ಮೊದಲ ಸಂಸತ್ ಸದಸ್ಯೆ ಗೆದ್ದದ್ದು 2010ರಲ್ಲಿ, ಬ್ರೈಟನ್ ಎಂಬ ಒಂದೇ ಊರಿನ ಕ್ಷೇತ್ರದಿಂದ. ಅದಕ್ಕೂ ಮೊದಲು ಆ ಊರಿನ ನಗರಸಭೆಯಲ್ಲಿ ಪಕ್ಷದವರು ವರ್ಷಗಟ್ಟಲೆ ಸದಸ್ಯರಾಗಿದ್ದರು. 2024ರಲ್ಲಿ ನಾಲ್ಕು ಸೀಟು ಬಂತು. ಅದರಲ್ಲಿ ಎರಡು ಪೂರ್ತಿ ಹಳ್ಳಿಗಾಡಿನವು, ಕೃಷಿಕರ ಕ್ಷೇತ್ರಗಳು. ಅಲ್ಲೂ ದಾರಿ ಸ್ಥಳೀಯ ಸಂಸ್ಥೆಗಳಿಂದಲೇ ಶುರುವಾಗಿತ್ತು.

ಕರ್ನಾಟಕದಲ್ಲೂ ಇದೇ ಪಾಠ. ಶಿವರಾಮ ಕಾರಂತರು 1989ರಲ್ಲಿ ಪರಿಸರದ ದನಿಯಾಗಿ, ಕೈಗಾ ಅಣು ಸ್ಥಾವರದ ವಿರುದ್ಧ, ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ನಾಡೇ ಗೌರವಿಸುವ ಹೆಸರು. ಸೋತರು. ಕೈಗಾ ಸ್ಥಾವರವೂ ಬಂತು. 2014ರಲ್ಲಿ ಮೇಧಾ ಪಾಟ್ಕರ್ ಮುಂಬೈಯಲ್ಲಿ, ಕೂಡಂಕುಳಂ ಹೋರಾಟದ ಉದಯಕುಮಾರ್ ಕನ್ಯಾಕುಮಾರಿಯಲ್ಲಿ ನಿಂತು ಸೋತರು. ಹೆಸರು ದೊಡ್ಡದಿತ್ತು, ಬೂತ್‌ನಲ್ಲಿ ಕೂರುವ ಜನ ಕಡಿಮೆ ಇದ್ದರು. ಇನ್ನೊಂದು ಕಡೆ, ರೈತಸಂಘದ ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ಗೆದ್ದರು. 2023ರಲ್ಲಿ ಅವರ ಮಗ ಅದೇ ಮೇಲುಕೋಟೆಯಿಂದ, ಕಾಂಗ್ರೆಸ್ ಬೆಂಬಲದೊಂದಿಗೆ ಗೆದ್ದರು. ರೈತಸಂಘ ಇಡೀ ರಾಜ್ಯದಲ್ಲಿ ಇತ್ತು. ಆದರೆ ಇಷ್ಟು ದೀರ್ಘಕಾಲ ಫಲ ಸಿಕ್ಕಿದ್ದು ಊರೂರಲ್ಲೂ ಘಟಕ ಇದ್ದ ಒಂದು ಸೀಮೆಯಲ್ಲಿ.

ಈಗ ಮಡಿಕೇರಿ ಕ್ಷೇತ್ರದ ಲೆಕ್ಕ. ಎರಡು ಲಕ್ಷಕ್ಕೂ ಹೆಚ್ಚು ಮತದಾರರು. 1.6 ಲಕ್ಷ ಮತ ಬಿದ್ದರೆ, ಬರೀ ಠೇವಣಿ ಉಳಿಸಿಕೊಳ್ಳಲು ಆರನೇ ಒಂದು ಭಾಗಕ್ಕಿಂತ ಹೆಚ್ಚು, ಅಂದರೆ 27 ಸಾವಿರದಷ್ಟು ಮತ ಬೇಕು. ಠೇವಣಿ 10 ಸಾವಿರ ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರ ಅರ್ಧ. ಹೋಗುವ ಹಣ ದೊಡ್ಡದಲ್ಲ. ಆದರೆ "ಠೇವಣಿ ಕಳ್ಕೊಂಡ್ರು" ಎಂಬ ಮಾತು ಆಮೇಲೆ ನಿಮ್ಮ ಪ್ರತಿ ಅರ್ಜಿಯ ಹಿಂದೆ ಬರುತ್ತದೆ. ತಹಸೀಲ್ದಾರ್ ಕಚೇರಿಯಲ್ಲಿ ಇವತ್ತು ನಿಮ್ಮ ಸಂಘಕ್ಕೆ ಎಷ್ಟು ಜನರ ಬೆಂಬಲ ಇದೆ ಅಂತ ಯಾರಿಗೂ ಗೊತ್ತಿಲ್ಲ, ಅದೇ ನಿಮ್ಮ ಬಲ. ಎರಡು ಸಾವಿರ ಮತ ಬಿದ್ದ ಮರುದಿನ ಎಲ್ಲರಿಗೂ ಗೊತ್ತಾಗುತ್ತದೆ.

ಮತ ಒಡೆಯುವ ಮಾತು ಸುಮ್ನೆ ಹುಟ್ಟಿದ್ದಲ್ಲ. 2023ರಲ್ಲಿ ಮಡಿಕೇರಿ, ವಿರಾಜಪೇಟೆ ಎರಡರಲ್ಲೂ ಗೆಲುವಿನ ಅಂತರ 5 ಸಾವಿರ ಮತಗಳ ಒಳಗಿತ್ತು. ನೀವು ಮೂರು ಸಾವಿರ ಮತ ತೆಗೆದುಕೊಂಡರೆ ಸೋತವರು ನಿಮ್ಮನ್ನೇ ದೂರುತ್ತಾರೆ. ಆದರೆ ಇದೇ ಸಂಖ್ಯೆಯನ್ನು ಇನ್ನೊಂದು ಕಡೆಯಿಂದ ನೋಡಿ. ಅಂತರ ಇಷ್ಟು ಕಡಿಮೆ ಇರುವ ಕ್ಷೇತ್ರದಲ್ಲಿ, ಹತ್ತಿಪ್ಪತ್ತು ಊರುಗಳಲ್ಲಿ ನಿಜವಾಗಿ ಬೇರು ಬಿಟ್ಟ ಸಂಘದ ಮಾತನ್ನು ಯಾವ ಪಕ್ಷವೂ ತಳ್ಳಿಹಾಕಲು ಆಗುವುದಿಲ್ಲ. ನಿಲ್ಲದೆಯೇ ಬೆಲೆ ಬರುತ್ತದೆ. 2028ಕ್ಕೆ ಎಲ್ಲ ಅಭ್ಯರ್ಥಿಗಳನ್ನೂ ಒಂದೇ ವೇದಿಕೆಗೆ ಕರೆದು, ಮೂರೇ ಮೂರು ಬೇಡಿಕೆಗೆ ಬರಹದಲ್ಲಿ ಒಪ್ಪಿಗೆ ಕೇಳುವ ಶಕ್ತಿ ಅಷ್ಟು ಹೊತ್ತಿಗೆ ನಿಮಗೆ ಬರಬಹುದು.

ಯಾರ ಪಕ್ಷ?

ನಿಮ್ಮ ಪತ್ರದಲ್ಲಿ ಒಂದು ವಿಷಯ ಇಲ್ಲ. ನಿಮ್ಮ ಸಂಘದ ಮೂವತ್ತು ನಲವತ್ತು ಜನ ಯಾರು ಅಂತ ನೀವು ಬರೆದಿಲ್ಲ. ನನ್ನ ಊಹೆ, ಬಹುಪಾಲು ಬೆಳೆಗಾರರು, ಒಂದಿಬ್ಬರು ಹೋಂಸ್ಟೇ ನಡೆಸುವವರು, ಬೆಂಗಳೂರಿನಿಂದ ವಾಪಸ್ ಬಂದ ಕೆಲವು ಹುಡುಗರು. ಊಹೆ ತಪ್ಪಾಗಿದ್ದರೆ ಸಂತೋಷ.

ಕೊಡಗಿನಲ್ಲಿ ಪರಿಸರದ ಮಾತು ಬಹಳ ಸಲ ತೋಟ ಇದ್ದವರ ಮಾತಾಗಿಯೇ ಉಳಿದಿದೆ. ಲೈನ್ ಮನೆಯಲ್ಲಿ ಇರುವವರಿಗೆ ಅದು ತಮ್ಮ ವಿಷಯ ಅನಿಸಿಲ್ಲ. ಹಾಡಿಯವರಿಗೆ ಕೆಲವು ಸಲ ಅದು ತಮ್ಮ ವಿರುದ್ಧದ ಮಾತಾಗಿಯೂ ಕೇಳಿಸಿದೆ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತು ಎಬ್ಬಿಸಿದ್ದು ಕಾಡಿನ ರಕ್ಷಣೆಯ ಹೆಸರಿನಲ್ಲಿ. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಅವರಿಗೆ ನೆಲೆ ಸಿಕ್ಕಿತು. ಆ ಗಾಯ ಮಾಯಲು ಕಾಲ ಬೇಕು. ಪರಿಸರ ಪಕ್ಷ ಅಂತ ಹೇಳಿಕೊಂಡು ನೀವು ಹಾಡಿಗೆ ಹೋದರೆ ಮೊದಲ ಪ್ರಶ್ನೆ, "ಆವಾಗ ನೀವು ಎಲ್ಲಿದ್ರಿ?" ಎಂದೇ ಇರುತ್ತದೆ.

ಇದೇ ಜಿಲ್ಲೆಯಲ್ಲಿ ಕಾಡು ಉಳಿಸಿದವರೂ ಅವರೇ. 1990ರ ದಶಕದಲ್ಲಿ ನಾಗರಹೊಳೆ ಉದ್ಯಾನದ ಒಳಗೆ ದೊಡ್ಡ ಹೋಟೆಲ್ ಕಂಪನಿಯೊಂದರ ರೆಸಾರ್ಟ್ ಬರುವುದನ್ನು ಹಾಡಿಯ ಜನ ಹೋರಾಡಿ ತಡೆದರು. 1997ರಲ್ಲಿ ಹೈಕೋರ್ಟ್ ಅವರ ಪರ ನಿಂತಿತು. ಹಾಗಾಗಿ ಅವರ ಮನೆಗೆ ಪರಿಸರ ಕಲಿಸಲು ಹೋಗಬೇಡಿ, ಕೇಳಿಸಿಕೊಳ್ಳಲು ಹೋಗಿ.

ಲೈನ್ ಮನೆಯಲ್ಲಿ ಏನು ಕೇಳಿಸುತ್ತದೆ? ಬೆಳಗ್ಗೆ ಕೆಲಸಕ್ಕೆ ನಡೆದು ಹೋಗುವಾಗ ದಾರಿಯಲ್ಲಿ ಆನೆ. ತೋಟದಲ್ಲಿ ಆನೆ ತುಳಿತಕ್ಕೆ ಸಿಗುವವರು ಹೆಚ್ಚಾಗಿ ಕೂಲಿಯವರೇ. ಬೇಸಿಗೆಯಲ್ಲಿ ಕುಡಿಯುವ ನೀರಿಲ್ಲ. ಮಳೆಗಾಲದಲ್ಲಿ ಬರೆಯ ಅಡಿಯಲ್ಲಿ ಇರುವ ಲೈನ್ ಮನೆ ಬಿಟ್ಟು ಹೋಗಿ ಅಂತ ನೋಟಿಸ್ ಬರುತ್ತದೆ, ಎಲ್ಲಿಗೆ ಹೋಗಬೇಕು ಅಂತ ಅದರಲ್ಲಿ ಇರುವುದಿಲ್ಲ. 2018ರ ನಂತರ ಜಂಬೂರು, ಕರ್ಣಂಗೇರಿ, ಮದೆನಾಡಿನಲ್ಲಿ ಸಂತ್ರಸ್ತರಿಗೆ ಮನೆ ಕಟ್ಟಿದರು. ಸ್ವಂತ ಹಕ್ಕುಪತ್ರ ಇಲ್ಲದೆ ತೋಟದ ಸಾಲುಮನೆಯಲ್ಲಿ ಇದ್ದವರಿಗೆ ನಷ್ಟ ಸಾಬೀತು ಮಾಡುವುದೇ ಕಷ್ಟ. ಇವೆಲ್ಲ ಪರಿಸರದ ವಿಷಯಗಳಲ್ಲವೇ? ನಿಮ್ಮ ಕರಪತ್ರದ ಮೊದಲ ಸಾಲಿನಲ್ಲಿ ಜೀವವೈವಿಧ್ಯ ಅಂತ ಇದ್ದರೆ ಅದು ಬೆಂಗಳೂರಿಗೆ ಬರೆದ ಕರಪತ್ರ. ಆನೆ, ನೀರು, ಬರೆ, ಕಸ ಅಂತ ಇರಲಿ.

ತೋಟದ ಮಾಲೀಕರಾಗಿ ನಿಮಗೆ ಇಲ್ಲಿ ಒಂದು ಇಕ್ಕಟ್ಟು ಇದೆ. ಲೈನ್ ಮನೆಯ ಸುರಕ್ಷತೆ ಅಂದರೆ ಖರ್ಚು ಮಾಲೀಕರದೂ ಹೌದು. ನಿಮ್ಮ ಸಂಘದ ಕೆಲವರಿಗೆ ಈ ಬೇಡಿಕೆ ಇಷ್ಟವಾಗುವುದಿಲ್ಲ. ಆ ಜಗಳ ಚುನಾವಣೆಗೆ ಮೊದಲೇ ಆಗಿಹೋಗಲಿ.

ಪಂಚಾಯಿತಿ ಯಾಕೆ

ಗ್ರಾಮ ಪಂಚಾಯಿತಿಯಲ್ಲಿ 400 ಜನಸಂಖ್ಯೆಗೆ ಒಬ್ಬ ಸದಸ್ಯ. ಅಂದರೆ ಪ್ರತಿ ಮನೆಯ ಅಂಗಳದಲ್ಲಿ ಕೂತು ಮಾತಾಡಿ ಮುಗಿಸಬಹುದಾದ ಚುನಾವಣೆ. ಠೇವಣಿ ಕೆಲವೇ ನೂರು ರೂಪಾಯಿ. ಕಾನೂನಿನ ಪ್ರಕಾರ ಅದು ಪಕ್ಷವಿಲ್ಲದ ಚುನಾವಣೆ. ಪಕ್ಷಗಳು ಹಿಂದೆ ಇದ್ದೇ ಇರುತ್ತವೆ, ಆದರೆ ಮತಪತ್ರದಲ್ಲಿ ಅವುಗಳ ಚಿಹ್ನೆ ಇರುವುದಿಲ್ಲ. ದೊಡ್ಡ ಪಕ್ಷಗಳ ಚಿಹ್ನೆಯ ಬಲ ಇಲ್ಲದೆ ನೀವು ಸಮಾನವಾಗಿ ನಿಲ್ಲುವ ಜಾಗ ಇದೊಂದೇ. ಅನೇಕ ವಾರ್ಡ್‌ಗಳಲ್ಲಿ ಇಬ್ಬರು ಮೂವರು ಸದಸ್ಯರು ಇರುತ್ತಾರೆ, ಮತದಾರನಿಗೆ ಅಷ್ಟೇ ಮತ. ಒಂದು ಮತ ನೆಂಟನಿಗೆ, ಒಂದು ಮತ ನಿಮಗೆ ಹಾಕಲು ಅವನಿಗೆ ಅಡ್ಡಿ ಇಲ್ಲ. ಕೊಡಗಿನ ಊರುಗಳಲ್ಲಿ ಒಕ್ಕ, ನೆಂಟಸ್ತನ ಎಷ್ಟು ಗಟ್ಟಿ ಅಂತ ನಿಮಗೆ ಹೇಳಬೇಕಾಗಿಲ್ಲ. ಈ ಎರಡನೇ ಮತವನ್ನೇ ಕೇಳಿ.

ಅಧಿಕಾರದ ವಿಷಯದಲ್ಲಿ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ, ಕಡಿಮೆಯೂ ಬೇಡ. ಜಮೀನಿನ ಕನ್ವರ್ಷನ್ ಕೊಡುವುದು ಜಿಲ್ಲಾಧಿಕಾರಿ. ಅದನ್ನು ಪಂಚಾಯಿತಿ ನಿಲ್ಲಿಸಲು ಆಗುವುದಿಲ್ಲ. ಆದರೆ ಕಟ್ಟಡ ಕಟ್ಟಲು ಪಂಚಾಯಿತಿಯ ಅನುಮತಿ ಬೇಕು. ಕಸ, ಕುಡಿಯುವ ನೀರು, ಚರಂಡಿ ಅದರದೇ ಕೆಲಸ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಒಂದು ನಿರ್ವಹಣಾ ಸಮಿತಿ ಇರಬೇಕು. ಬಹಳ ಕಡೆ ಅದು ಕಾಗದದಲ್ಲೇ ಇದೆ. ನಿಮ್ಮವರು ಇಬ್ಬರು ಒಳಗಿದ್ದರೆ ಅದಕ್ಕೆ ಜೀವ ಬರುತ್ತದೆ, ಊರಿನ ದೇವರಕಾಡಿನ ಗಡಿ ಗುರುತಿಸುವ ಕೆಲಸವನ್ನೂ ಅದರ ಮೂಲಕ ಶುರು ಮಾಡಬಹುದು. ಇದೆಲ್ಲಕ್ಕಿಂತ ಮುಖ್ಯವಾದದ್ದು ಸುದ್ದಿ. ಯಾವ ಗುಡ್ಡಕ್ಕೆ ಯಾರು ಅರ್ಜಿ ಹಾಕಿದ್ದಾರೆ ಎಂದು ಸದಸ್ಯನಿಗೆ ಮೊದಲೇ ತಿಳಿಯುತ್ತದೆ. ಜೆಸಿಬಿ ಬಂದ ಮೇಲೆ ಧರಣಿ ಕೂರುವುದಕ್ಕೂ, ಅರ್ಜಿ ಬಂದ ವಾರವೇ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ಜಿಲ್ಲಾಧಿಕಾರಿಗೆ ಕಳಿಸುವುದಕ್ಕೂ ಬಹಳ ವ್ಯತ್ಯಾಸ ಇದೆ. ನಿರ್ಣಯ ಜಿಲ್ಲಾಧಿಕಾರಿಯನ್ನು ಕಟ್ಟಿಹಾಕುವುದಿಲ್ಲ. ಕಡತದಲ್ಲಿ ಕೂತಿರುತ್ತದೆ, ನಾಳೆ ಕೋರ್ಟಿಗೆ ಹೋದರೆ ಕೈಗೆ ಸಿಗುತ್ತದೆ.

ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಸ್ವಸಹಾಯ ಸಂಘ ನಡೆಸಿ ರೂಢಿ ಇರುವ ಹೆಂಗಸರನ್ನು ಈಗಲೇ ಸಂಘದ ಮುಂದಿನ ಸಾಲಿಗೆ ತನ್ನಿ. ಮೀಸಲಾತಿ ಪಟ್ಟಿ ಬಂದ ಮೇಲೆ ಯಾರದೋ ಹೆಂಡತಿಯ ಹೆಸರು ಹಾಕಿ ಗಂಡ ಅಧಿಕಾರ ನಡೆಸುವುದನ್ನು ನೀವೂ ಮಾಡಿದರೆ, ಬೇರೆಯವರಿಗೂ ನಿಮಗೂ ಏನು ವ್ಯತ್ಯಾಸ?

ಪ್ರಚಾರದ ಬಗ್ಗೆ ಸ್ವಲ್ಪ. ಹಿಂದಿನ ಪಂಚಾಯಿತಿ ಚುನಾವಣೆ ನಡೆದದ್ದು 2020ರ ಡಿಸೆಂಬರ್‌ನಲ್ಲಿ, ಕಾಫಿ ಕೊಯ್ಲಿನ ಹೊತ್ತು. ಆಗ ಹಗಲು ಯಾರೂ ಮನೆಯಲ್ಲಿ ಸಿಗುವುದಿಲ್ಲ. ಸಂಜೆ ಆರರ ಮೇಲೆ, ಇಲ್ಲವೇ ಸಂತೆ ದಿನ. ತೋಟದ ಮಾಲೀಕನ ಜೀಪಿನಲ್ಲಿ ಲೈನ್ ಮನೆಗೆ ಹೋಗಬೇಡಿ, ಮಾಲೀಕ ನಿಂತಿರುವಾಗ ಯಾರೂ ಮನಸ್ಸು ಬಿಚ್ಚುವುದಿಲ್ಲ. ಒಂದು ನೋಟ್‌ಬುಕ್ ಇಡಿ. ಪ್ರತಿ ಮನೆಯವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಎರಡನೇ ಸಲ ಹೋದಾಗ ಆ ವಿಷಯದಿಂದಲೇ ಮಾತು ತೆಗೆಯಿರಿ. ಬ್ಯಾನರ್‌ಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ಅದಕ್ಕೂ ಮೊದಲು ಮತದಾರರ ಪಟ್ಟಿ ನೋಡಿ. ತೋಟದಿಂದ ತೋಟಕ್ಕೆ ಹೋಗುವ ಕೂಲಿ ಕುಟುಂಬಗಳ ಹೆಸರು ಹಳೆಯ ಊರಿನಲ್ಲೇ ಇರುತ್ತದೆ, ಇಲ್ಲವೇ ಎಲ್ಲೂ ಇರುವುದಿಲ್ಲ. ಹೊಸಬರಿಗೆ ನಮೂನೆ 6, ವಿಳಾಸ ಬದಲಾದವರಿಗೆ ನಮೂನೆ 8. ಈಗ 18 ತುಂಬಿದವರ ಹೆಸರು ಸೇರಿಸಲು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1 ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನ ಇವೆ. ಹಾಡಿಗಳಲ್ಲಿ ಈ ಕೆಲಸ ಮಾಡಿಕೊಡಿ. ಅವರು ಮತ ಯಾರಿಗೇ ಹಾಕಲಿ.

ಉಳಿದ ದಾರಿಗಳು

ಹೊರಗಿನ ಪಕ್ಷದ ಟಿಕೆಟ್ ಬಗ್ಗೆ ನಾನು ಅನುಮಾನದಿಂದಲೇ ನೋಡುತ್ತೇನೆ. ದೇಶದಲ್ಲಿ ನೋಂದಣಿಯಾಗಿ ಮಾನ್ಯತೆ ಇಲ್ಲದ ಪಕ್ಷಗಳು ಸಾವಿರಾರು ಇವೆ. ಆರು ವರ್ಷ ಯಾವ ಚುನಾವಣೆಗೂ ನಿಲ್ಲದ 334 ಪಕ್ಷಗಳನ್ನು ಚುನಾವಣಾ ಆಯೋಗ 2025ರ ಆಗಸ್ಟ್‌ನಲ್ಲಿ ಪಟ್ಟಿಯಿಂದ ತೆಗೆಯಿತು, ಆಮೇಲೆ ಇನ್ನಷ್ಟನ್ನು ತೆಗೆಯಿತು. ಕೆಲವು ಪಕ್ಷಗಳಿಗೆ ಪಟ್ಟಿಯಲ್ಲಿ ಉಳಿಯಲು ಎಲ್ಲಾದರೂ ಒಬ್ಬ ಅಭ್ಯರ್ಥಿ ಬೇಕು, ಅಷ್ಟೇ. ನಿಮ್ಮಲ್ಲಿಗೆ ಬಂದವರು ಅಂಥವರು ಅಂತ ನಾನು ಹೇಳುತ್ತಿಲ್ಲ. ಅವರ ದೇಣಿಗೆ ವರದಿ, ಆಡಿಟ್ ಲೆಕ್ಕ, ಹಿಂದೆ ಎಲ್ಲಿ ನಿಂತಿದ್ದರು ಇವನ್ನು ಕೇಳಿ. ಕೊಡಲು ಹಿಂಜರಿದರೆ ಅಲ್ಲಿಗೆ ಬಿಡಿ. ಕೊಡಗಿನ ಕಸ, ಆನೆ, ಬರೆ ಬಗ್ಗೆ ಅವರು ಈವರೆಗೆ ಏನು ಮಾತಾಡಿದ್ದಾರೆ ಅಂತಲೂ ಕೇಳಿ.

ನಿಮ್ಮದೇ ಪಕ್ಷ ನೋಂದಾಯಿಸುವುದು ಕಾನೂನಿನಲ್ಲಿ ಅಂಥ ಕಷ್ಟ ಅಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಸೆಕ್ಷನ್. ಮತದಾರರಾಗಿರುವ ಕನಿಷ್ಠ 100 ಸದಸ್ಯರು, ಪಕ್ಷ ಕಟ್ಟಿದ 30 ದಿನದೊಳಗೆ ಅರ್ಜಿ, 10 ಸಾವಿರ ರೂಪಾಯಿ ಶುಲ್ಕ, ಪತ್ರಿಕೆಗಳಲ್ಲಿ ಪ್ರಕಟಣೆ. ಕಷ್ಟ ಇರುವುದು ಆಮೇಲೆ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಚಿಹ್ನೆ ಬೇಕಾದರೆ ರಾಜ್ಯದ ಶೇ 5 ಕ್ಷೇತ್ರಗಳಲ್ಲಾದರೂ ನಿಲ್ಲಬೇಕು. 224ರಲ್ಲಿ ಅದು 12 ಕ್ಷೇತ್ರ. ಕೊಡಗಿನಲ್ಲಿ ಇರುವುದು ಎರಡು. ಇಲ್ಲದಿದ್ದರೆ ಪಕ್ಷೇತರರ ಹಾಗೆಯೇ ಸಿಕ್ಕ ಚಿಹ್ನೆ. ಮಾನ್ಯತೆ ಪಡೆದ ಪಕ್ಷದವರ ನಾಮಪತ್ರಕ್ಕೆ ಸಹಿ ಹಾಕಲು ಒಬ್ಬ ಸೂಚಕ ಸಾಕು, ನಿಮಗೆ 10 ಜನ ಬೇಕು. ಪ್ರತಿ ವರ್ಷ ಲೆಕ್ಕಪತ್ರ ಸಲ್ಲಿಸುವವರು ಯಾರು? ಹುಡುಗರನ್ನು ಈ ಪ್ರಶ್ನೆ ಕೇಳಿ.

ಇನ್ನೂ ಒಂದು ಮಾತು ಕೊಡಗಿನ ಚರಿತ್ರೆಯಿಂದ. ಕೊಡಗು ಬೇರೆ ರಾಜ್ಯವಾಗಿದ್ದಾಗ, 1952ರ ಚುನಾವಣೆಯಲ್ಲಿ 24 ಸ್ಥಾನಗಳಲ್ಲಿ ಕಾಂಗ್ರೆಸ್ 15 ಗೆದ್ದಿತು, ತಕ್ಕಡಿ ಗುಂಪಿನವರು 9 ಗೆದ್ದರು. ಸಣ್ಣ ಬಲವಲ್ಲ ಅದು. ಕೊಡಗು ಬೇರೆಯಾಗಿಯೇ ಉಳಿಯಬೇಕು ಎಂಬುದು ಅವರ ದೊಡ್ಡ ಬೇಡಿಕೆ. 1956ರಲ್ಲಿ ವಿಲೀನವಾದ ಮೇಲೆ ಆ ಗುಂಪಿಗೆ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ. ನಿಮ್ಮ ಪಕ್ಷದ ಬೇಡಿಕೆ ಆ ಒಂದು ರೆಸಾರ್ಟ್ ಆಗಿದ್ದರೆ, ರೆಸಾರ್ಟ್ ರದ್ದಾದರೂ ಪಕ್ಷ ಮುಗಿಯಿತು, ಬಂದರೂ ಮುಗಿಯಿತು.

ದೊಡ್ಡ ಪಕ್ಷ ಸೇರಿ ಒಳಗಿನಿಂದ ಕೆಲಸ ಮಾಡುವುದು ಇನ್ನೊಂದು ದಾರಿ. ಕೆಲವರಿಗೆ ಅದು ಒಗ್ಗುತ್ತದೆ. ಆದರೆ ನಿಮ್ಮ ಸಂಘದಲ್ಲಿ ಎರಡೂ ಪಕ್ಷದವರು ಇದ್ದಾರೆ ಎಂದುಕೊಳ್ಳುತ್ತೇನೆ. ಅಧ್ಯಕ್ಷರೇ ಒಂದು ಕಡೆ ಹೋದರೆ ಅರ್ಧ ಜನ ಎದ್ದು ಹೋಗುತ್ತಾರೆ. ಚುನಾವಣೆ ಬಹಿಷ್ಕಾರ ಅಂತ ಬೋರ್ಡ್ ಹಾಕುವುದು ಊರಿನ ಸಿಟ್ಟು ತೋರಿಸುತ್ತದೆ, ಒಂದು ದಿನ ಅಧಿಕಾರಿಗಳು ಓಡಿ ಬರುತ್ತಾರೆ. ಫಲಿತಾಂಶದ ಮೇಲೆ ಅದಕ್ಕೆ ಯಾವ ಪರಿಣಾಮವೂ ಇಲ್ಲ, ನೋಟಾಕ್ಕೂ ಇಲ್ಲ.

ಹಣ, ಹೆಂಡತಿಯ ಕೆಲಸ, ಸಂಘ

ಕೆನಡಾದ ಹಣದ ಬಗ್ಗೆ: ಅವರು ಇನ್ನೂ ಭಾರತದ ಪೌರರಾಗಿದ್ದರೆ ಕೊಡಬಹುದು. ಕೆನಡಾ ಪೌರತ್ವ ಪಡೆದಿದ್ದರೆ ಬೇಡವೇ ಬೇಡ. ಪಕ್ಷವಾಗಲಿ ಅಭ್ಯರ್ಥಿಯಾಗಲಿ ವಿದೇಶಿ ದೇಣಿಗೆ ತೆಗೆದುಕೊಳ್ಳುವುದನ್ನು ಕಾನೂನು ನಿಷೇಧಿಸಿದೆ. ಸಂಘದ ಖಾತೆಗೆ ಹಾಕಿಸಿ ಆಮೇಲೆ ಬಳಸುತ್ತೇವೆ ಎಂಬ ಉಪಾಯ ಇನ್ನೂ ಅಪಾಯ, ಸಂಘವೇ ಮುಚ್ಚಿಹೋಗಬಹುದು. ಇಲ್ಲಿನ ಜನರಿಂದ ಐವತ್ತು ನೂರು ರೂಪಾಯಿ ರಸೀದಿ ಕೊಟ್ಟು ಎತ್ತಿ. ಹತ್ತು ರೂಪಾಯಿ ಕೊಟ್ಟವನೂ ತನ್ನ ಅಭ್ಯರ್ಥಿ ಅಂತ ನಿಮ್ಮ ಪರ ಮಾತಾಡುತ್ತಾನೆ. ಮುಂದೆ ವಿಧಾನಸಭೆಗೆ ನಿಂತರೆ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ, ಬೇರೆಯದೇ ಬ್ಯಾಂಕ್ ಖಾತೆ ಬೇಕು, ಫಲಿತಾಂಶದ ನಂತರ 30 ದಿನದೊಳಗೆ ಲೆಕ್ಕ ಕೊಡಬೇಕು. ಕೊಡದಿದ್ದರೆ ಮೂರು ವರ್ಷ ಅನರ್ಹರಾಗಬಹುದು. ಸೋತ ಬೇಸರದಲ್ಲಿ ಇದನ್ನು ಮರೆತು ಸಿಕ್ಕಿಹಾಕಿಕೊಂಡವರು ಇದ್ದಾರೆ.

ನಿಮ್ಮ ಹೆಂಡತಿ: ನೀವು ನಿಲ್ಲುವುದರಿಂದ ಅವರ ಕೆಲಸಕ್ಕೆ ತೊಂದರೆ ಇಲ್ಲ. ಅವರು ಮಾತ್ರ ಪ್ರಚಾರಕ್ಕೆ ಬರಬಾರದು. ಕರಪತ್ರ ಹಂಚಬಾರದು, ವಾಟ್ಸ್ಆ್ಯಪ್‌ನಲ್ಲಿ ನಿಮ್ಮ ಪೋಸ್ಟರ್ ಹಾಕಬಾರದು, ಬೂತ್ ಏಜೆಂಟ್ ಆಗಿ ಅಂತೂ ಕೂರಲೇಬಾರದು. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ಸರ್ಕಾರಿ ನೌಕರರು ಏಜೆಂಟ್ ಆದರೆ ಜೈಲು ಶಿಕ್ಷೆಗೂ ಅವಕಾಶ ಇದೆ. ಅವರನ್ನು ಚುನಾವಣಾ ಕೆಲಸಕ್ಕೆ ಹಾಕಿದರೆ, ಗಂಡ ಅಭ್ಯರ್ಥಿ ಎಂದು ಮೇಲಧಿಕಾರಿಗೆ ಮೊದಲೇ ಬರಹದಲ್ಲಿ ತಿಳಿಸಲಿ. ದೂರು ಬರುವುದು ಎದುರಾಳಿಯಿಂದ, ಬರೀ ಒಂದು ಫೋಟೋ ಇಟ್ಟುಕೊಂಡು. ಮನೆಯ ಅಂಗಳದಲ್ಲಿ ಸಭೆ ಮಾಡಬೇಡಿ, ಬೇರೆ ಕಡೆ ಮಾಡಿ.

ಸಂಘ ಮುರಿಯುತ್ತದೆಯೇ? ಸಂಘವೇ ಅಭ್ಯರ್ಥಿ ಹಾಕಿದರೆ ಮುರಿಯುವ ಸಾಧ್ಯತೆ ಬಹಳ. ರೈತಸಂಘದಲ್ಲೂ ಚುನಾವಣೆಯ ಪ್ರಶ್ನೆ ಒಡಕಿಗೆ ಕಾರಣವಾದದ್ದನ್ನು ನಾವೆಲ್ಲ ನೋಡಿದ್ದೇವೆ. ಆದ್ದರಿಂದ ಎರಡನ್ನೂ ಬೇರೆ ಇಡಿ. ಸಂಘ ಸಂಘವಾಗಿಯೇ ಇರಲಿ. ನಿಲ್ಲುವವರು ಪದಾಧಿಕಾರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ನಿಲ್ಲಲಿ. ಗೆದ್ದ ಮೇಲೆ ಪ್ರತಿ ಮೂರು ತಿಂಗಳಿಗೊಮ್ಮೆ ಸಂಘದ ಮುಂದೆ ಬಂದು ಪಂಚಾಯಿತಿಯಲ್ಲಿ ಏನಾಯಿತು ಅಂತ ಹೇಳಲಿ. ಸಂಘ ಅವರನ್ನೂ ಬೈಯುವ ಸ್ವಾತಂತ್ರ್ಯ ಉಳಿಸಿಕೊಳ್ಳಲಿ. ಸೋತರೆ ಒಬ್ಬರು ಸೋತ ಹಾಗೆ, ಸಂಘ ಸೋತ ಹಾಗಲ್ಲ.

ನಿಮ್ಮ ಹೆಸರು ಓಡಾಡುತ್ತಿದೆ ಎಂದಿರಿ. ನೀವೇ ನಿಲ್ಲಬೇಕು ಅಂತ ಇಲ್ಲ. ಧರಣಿಯಲ್ಲಿ ಮುಂದೆ ನಿಂತವರು ಪಂಚಾಯಿತಿಯ ಕಡತ ಓದುವ ತಾಳ್ಮೆ ಇರುವವರೇ ಆಗಿರಬೇಕು ಅಂತಲೂ ಇಲ್ಲ. ಸಂಘದ ಮುಂದಿನ ಸಭೆಯನ್ನು ಭಾನುವಾರ ಸಂಜೆ ಇಡಿ, ಕೂಲಿಯವರಿಗೆ ರಜೆ ಇರುವ ಹೊತ್ತಿನಲ್ಲಿ. ಹತ್ತಿರದ ಲೈನ್ ಮನೆಗಳಿಂದ, ಹಾಡಿಯಿಂದ ಹತ್ತು ಜನರನ್ನಾದರೂ ಕರೆಯಿರಿ, ಅವರಲ್ಲಿ ಅರ್ಧ ಹೆಂಗಸರು ಇರಲಿ. ಅಭ್ಯರ್ಥಿಯ ಹೆಸರು ಅಲ್ಲಿ ಎತ್ತಬೇಡಿ. ಆನೆ, ನೀರು, ಬರೆ ಈ ಮೂರರ ಬಗ್ಗೆ ಅವರು ಮೊದಲು ಮಾತಾಡಲಿ. ಆ ಸಭೆಯಲ್ಲಿ ಏನಾಯಿತು ಅಂತ ಬರೆದು ಕಳಿಸಿ, ಯಾವ ವಾರ್ಡ್‌ಗಳಲ್ಲಿ ನಿಲ್ಲಬಹುದು ಅಂತ ಆಮೇಲೆ ಒಟ್ಟಿಗೆ ಕೂತು ನೋಡೋಣ.